ನೂಲಿನ ತುದಿಯ ನಾಡಿ

ಬೆಳಗಿನ ಮಂಜಿನಲ್ಲಿ ಒಂದು ದೋಣಿ ಬಂತು. ಹೊಳೆ ಕಾಣುತ್ತಿರಲಿಲ್ಲ. ದೋಣಿ ಮೋಡದ ಮೇಲೆ ತೇಲಿ ಬಂದಂತಿತ್ತು.

ಇಳಿದವರು ಆಚೆ ದಡದ ಊರಿನ ಪಟೇಲರು. ಅವರ ಊರಿಗೊಬ್ಬ ವೈದ್ಯ ಬೇಕಾಗಿತ್ತು. ನಾಡಿ ನೋಡುವುದನ್ನು ಕಲಿಸುವುದರಲ್ಲಿ ಈ ಆಶ್ರಮದ ಗುರುಗಳು ಹೆಸರಾದವರು.

"ಎಲ್ಲರಿಗಿಂತ ಚೆನ್ನಾಗಿ ಕಲಿತವನನ್ನು ಕೊಡಿ ಗುರುಗಳೇ," ಎಂದರು ಪಟೇಲರು. "ಮನೆ ಕೊಡ್ತೇವೆ, ಗಿಡಮೂಲಿಕೆ ಬೆಳೆಯೋದಕ್ಕೆ ಜಾಗ ಕೊಡ್ತೇವೆ. ಯಾರು ಎತ್ತ ಅಂತ ಕೇಳೋರಲ್ಲ ನಾವು. ವಿದ್ಯೆ ಇದ್ದರೆ ಸಾಕು."

ಗುರುಗಳು ಸುಬ್ರಾಯನನ್ನು ಕರೆದರು.

ಸುಬ್ರಾಯ ಕಾಡಿನ ಸಿದ್ದಿ ಜನಾಂಗದವನು. ಕಡುಕಪ್ಪು ಮೈ, ಗುಂಗುರು ಕೂದಲು. ಹನ್ನೆರಡು ವರ್ಷ ಕಲಿತಿದ್ದ. ಕಣ್ಣು ಮುಚ್ಚಿ ಮಣಿಕಟ್ಟು ಹಿಡಿದನೆಂದರೆ ರೋಗಿಯೇ ಮರೆತ ಜ್ವರವನ್ನೂ ಹೇಳುತ್ತಿದ್ದ. ಅಂಥದೊಂದು ಮನೆ ಎಷ್ಟೋ ಸಲ ಅವನ ಕನಸಿಗೆ ಬಂದಿತ್ತು. ಜಗುಲಿ ತುಂಬ ಜನ, ಬಾಗಿಲಲ್ಲಿ ಕಷಾಯದ ಪಾತ್ರೆ ಹಿಡಿದ ಅವ್ವ.

ಅವನನ್ನು ಕಂಡದ್ದೇ ಪಟೇಲರ ಬಲಗೈ ಮೆಲ್ಲಗೆ ಶಲ್ಯದೊಳಗೆ ಸರಿಯಿತು. ಬಾಯಿ ಮಾತ್ರ ನಗುತ್ತಿತ್ತು.

"ನನ್ನದೇನೂ ತಕರಾರಿಲ್ಲಪ್ಪ. ಊರಿನವರು ಮುಟ್ಟಿಸ್ಕೋಬೇಕಲ್ಲ? ಹಿಂದೆ ರಾಣಿಯರ ಮಣಿಕಟ್ಟಿಗೆ ನೂಲು ಕಟ್ಟಿ, ಪರದೆ ಆಚೆಯಿಂದ ನಾಡಿ ನೋಡ್ತಿದ್ದರಂತೆ. ಹಾಗೆ ನೋಡೋದಾದರೆ ಕೆಲಸ ಇವನಿಗೇ."

ದೊಡ್ಡವರಿಗೆ ಉಪಾಯ ಹೇಳಿಕೊಡಬೇಕೇ!

ಸುಬ್ರಾಯ ತನ್ನ ಪಂಚೆಯ ಅಂಚಿನಿಂದ ಒಂದು ಎಳೆ ಕಿತ್ತ.

"ಆಗಲಿ ಒಡೆಯಾ. ನೂಲಾದರೂ ಸಾಕು."

"ನೂಲಿನಲ್ಲಿ ನಾಡಿ ಸಿಗುತ್ತದೇನೋ?" ಗುರುಗಳು ಕೇಳಿದರು.

"ಇಲ್ಲ ಗುರುಗಳೇ." ಅವನು ಎಳೆಯನ್ನು ಬೆರಳಿಗೆ ಸುತ್ತಿಕೊಂಡ. "ಕೆಲಸ ಸಿಗುತ್ತದೆ."

ಗುರುಗಳು ಅವನ ಬೆರಳಿನಿಂದ ಆ ಎಳೆಯನ್ನು ಬಿಡಿಸಿ ಗಾಳಿಗೆ ಬಿಟ್ಟರು. ಅದು ಸ್ವಲ್ಪ ದೂರ ತೇಲಿ ಮಂಜಿನಲ್ಲಿ ಕಾಣದಾಯಿತು.

"ಹಾಗಾದರೆ ಅವನನ್ನು ಕೊಡಿ," ಎಂದರು ಪಟೇಲರು. ಬೇರು ಅರೆಯುತ್ತಿದ್ದ ಬೆಳ್ಳಗಿನ ಶ್ರೀಪಾದನ ಕಡೆಗೆ ಅವರ ಬಲಗೈ ತಾನಾಗಿಯೇ ಹೊರಬಂದಿತ್ತು.

ಶ್ರೀಪಾದ ಅರೆಯುವುದನ್ನು ನಿಲ್ಲಿಸಲಿಲ್ಲ. "ನಾನಿನ್ನೂ ಕಲೀತಿದ್ದೇನೆ ಪಟೇಲರೇ. ಕಲಿಸ್ತಿರೋನು ಸುಬ್ರಾಯಣ್ಣ."

ಪಟೇಲರಿಗೆ ರೇಗಿತು. ಬಂದ ದೋಣಿ ಕಾಯುತ್ತಿತ್ತು.

"ಮತ್ತೆ ನಮ್ಮೂರಿಗೆ ವೈದ್ಯ ಯಾರು ಗುರುಗಳೇ?"

ಗುರುಗಳು ಸುಬ್ರಾಯನ ಹೆಗಲು ಹಿಡಿದರು.

"ಇವನೇ. ನಿಮಗೆ ಇವನತ್ತ ಕೈ ನೀಡುವಷ್ಟು ಗುಣವಾದ ಮೇಲೆ ಬಂದು ಕರೆದುಕೊಂಡು ಹೋಗಿ."