ನಡುಹೊಳೆಯ ಸಿಗ್ನಲ್

ಈ ಕತೆ ಶುರು ಮಾಡಿದರೆ ಸಾಕು, ಕೆಲವರು ಮೂಗು ಮುರಿಯುತ್ತಾರೆ. "ಛೀ, ಮಠದಲ್ಲಿ ಇಸ್ಪೀಟೇ?" ಅಂತಾರೆ. ಮುರಿಯಲಿ ಬಿಡಿ. ಮಠಕ್ಕೆ ಬಂದ ಮಾತ್ರಕ್ಕೆ ಮನುಷ್ಯ ತನ್ನ ಚಟವನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲಿ ಬಿಟ್ಟು ಬರುತ್ತಾನೆಯೇ?

ತುಂಗಭದ್ರೆಯ ದಂಡೆಯಲ್ಲಿ, ದೊಡ್ಡ ದೊಡ್ಡ ಬಂಡೆಗಳ ನಡುವೆ, ಒಂದು ಸಣ್ಣ ಮಠ. ಅಲ್ಲಿ ನಿರ್ವಾಣಜ್ಜ ಎಂಬ ಗುರುಗಳು. ಎಲ್ಲರೂ ಅವರನ್ನು ಅಜ್ಜಾರು ಅಂತಲೇ ಕರೆಯುವುದು. ಅವರ ಬಳಿ ಕೊಟ್ರಯ್ಯ ಎಂಬ ಶಿಷ್ಯ.

ಕೊಟ್ರಯ್ಯ ಲೆಕ್ಕದಲ್ಲಿ ಬಲು ಚುರುಕು. ಅದಕ್ಕೇ ದಾಸೋಹದ ದುಡ್ಡು ಅವನ ಕೈಯಲ್ಲಿತ್ತು. ಹಸಿದು ಬಂದವರಿಗೆಲ್ಲ ಅನ್ನ ಹಾಕುವ ದುಡ್ಡು ಅದು.

ಬಂಡೆಗಳ ದೆಸೆಯಿಂದ ಮಠದಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಸಿಗುತ್ತಿದ್ದದ್ದು ಹೊಳೆಯ ನಡುವೆ ಮಾತ್ರ.

ಆಚೆ ದಡದಿಂದ ಪೂಜೆಗೆ ಕಣಗಿಲೆ ಹೂ ತರುತ್ತೇನೆಂದು ಕೊಟ್ರಯ್ಯ ದಿನಾ ಹರಿಗೋಲು ಹತ್ತುತ್ತಿದ್ದ. ನಡುಹೊಳೆಯ ಬಂಡೆಯೊಂದಕ್ಕೆ ಹಗ್ಗ ಬಿಗಿದು, ಹೂವಿನ ಬುಟ್ಟಿಯಿಂದ ಫೋನು ತೆಗೆದು, ದುಡ್ಡು ಕಟ್ಟಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದ. ಎಂಥಾ ಬುದ್ಧಿವಂತ ನೋಡಿ.

ಅವತ್ತು ಅವನು ಹುಟ್ಟು ಕೈಗೆ ತಗೊಳ್ಳುವಷ್ಟರಲ್ಲಿ ಅಜ್ಜಾರು ಬಂದು ಹರಿಗೋಲಿನಲ್ಲಿ ಕೂತರು.

"ನಾನೂ ಬರ್ತೀನಿ, ನಡಿ."

"ಯಾಕ್ರಿ ಅಜ್ಜಾ? ಬಿಸಲು ಭಾಳ ಐತಿ."

"ನಿನಗಿಲ್ಲದ ಬಿಸಲು ನನಗ್ಯಾಕ? ನಡಿ."

ಕೊಟ್ರಯ್ಯ ಹುಟ್ಟು ಹಾಕಿದ. ನಡುಹೊಳೆಗೆ ಬಂದರು. ಬುಟ್ಟಿಯೊಳಗೆ ಟಣ್ ಎಂದು ಸದ್ದಾಯಿತು.

"ತಗಿ," ಅಂದರು ಅಜ್ಜಾರು.

"ಏನನ್ರಿ?"

"ಬುಟ್ಯಾಗ ಕೂಗಾಕತ್ತೈತಲ್ಲ, ಅದನ್ನ."

ಕೊಟ್ರಯ್ಯ ಬುಟ್ಟಿಯನ್ನು ಹಿಂದಕ್ಕೆ ಸರಿಸಿದ.

"ನಿನ್ನೆ ಅಕ್ಕಿ ಅಂಗಡಿಯವ ಬಂದಿದ್ದ," ಅಂದರು ಅಜ್ಜಾರು. "ರೊಕ್ಕ ಮುಟ್ಟಿಲ್ಲ, ನಾಳಿಯಿಂದ ಅಕ್ಕಿ ಇಲ್ಲ ಅಂದ. ದಾಸೋಹದ ರೊಕ್ಕ ಅದರಾಗ ಐತೇನು?"

ಕೊಟ್ರಯ್ಯನಿಗೆ ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

"ಐತ್ರಿ."

"ಎಲ್ಲಾ?"

"ಅರ್ಧ ಹೋತ್ರಿ. ಅರ್ಧ ಉಳದೈತಿ."

ಬಂಡೆಗೆ ಹಗ್ಗ ಬಿಗಿದು ಕೊಟ್ರಯ್ಯ ಫೋನು ತೆಗೆದ.

"ತಪ್ಪಾತ್ರಿ ಅಜ್ಜಾ. ಈಗಿಂದೀಗ ನಿಲ್ಲಸ್ತೀನಿ. ಉಳದದ್ದನ್ನ ವಾಪಸ್ ತಗೀತೀನಿ."

"ಬ್ಯಾಡ. ಆಡು."

"ಏನಂದ್ರಿ?"

"ಅರ್ಧದಾಗ ಎದ್ರ ನಿನ್ನ ಮನಸ್ಸು ಇಲ್ಲೇ ಕುಂತಿರತೈತಿ. ಆಡು. ನಾನೂ ನೋಡ್ತೀನಿ."

ಗುರುಗಳು ಇಂಥ ಮಾತು ಆಡಿದರು ಅಂತ ಬೇರೆ ಯಾರಾದರೂ ಹೇಳಿದ್ದರೆ ನಾನು ಅವರನ್ನು ಎದ್ದು ಹೋಗು ಅನ್ನುತ್ತಿದ್ದೆ. ಕೊಟ್ರಯ್ಯನೂ ಕಣ್ಣು ಕಣ್ಣು ಬಿಟ್ಟ. ಆದರೆ ಆಡು ಅಂದರೆ ಬಿಡುವ ಮಗನೇ ಅವನು? ಕೂತ. ಆಡಿದ.

ಒಂದೆರಡು ಆಟ ಸುಮ್ಮನೆ ಹೋದವು. ಆಮೇಲೆ ಅವನ ಕತ್ತು ನೆಟ್ಟಗಾಯಿತು.

"ಏನಾತು?" ಅಂದರು ಅಜ್ಜಾರು.

"ಇವ ನೋಡ್ರಿ, ಹುಲಿಮರಿ ಅಂತ ಹೆಸರಿಟಗೊಂಡಾನ. ತನ್ನತ್ರ ಇದ್ದದ್ದೆಲ್ಲಾ ಮುಂದ ಇಟ್ಟುಬಿಟ್ಟ. ಆಲ್-ಇನ್ ಅಂತಾರ ಇದಕ್ಕ."

"ಯಾರವ?"

"ಯಾರಿಗೊತ್ತ್ರಿ? ಎಲ್ಲಿ ಕುಂತಾನೋ ಏನೋ. ಹೆಸರಷ್ಟ ಕಾಣತೈತಿ."

"ಈಗ ನೀ ಏನ್ ಮಾಡಬೇಕು?"

"ಈ ಹಸರು ಗುಂಡಿ ಒತ್ತಿದ್ರ ಕಾಲ್. ಅಂದ್ರ ನಾನೂ ಎಲ್ಲಾ ಇಟ್ಟಂಗ. ಬ್ಯಾಡಂದ್ರ ಎಲಿ ಮುಚ್ಚಿ ಹಿಂದ ಸರೀಬೇಕು."

"ಎರಡೂ ಮಾಡದ ಸುಮ್ಮನ ಕುಂತ್ರ?"

"ಟೈಮ್ ಮುಗೀತಂದ್ರ ಅದಾ ಎಲಿ ಮುಚ್ಚಿಬಿಡತೈತ್ರಿ."

"ಟೈಮ್ ಎಷ್ಟೈತಿ?"

"ಎರಡು ಮಿನಿಟೂ ಇಲ್ರಿ."

ಪರದೆಯ ಮೇಲೆ ಒಂದು ಗೆರೆ ಸವೆಯುತ್ತಿತ್ತು. ಕೊಟ್ರಯ್ಯ ಬೆವರುತ್ತಿದ್ದ. ಬೆವರಿನಲ್ಲೂ ಅವನ ಮುಖಕ್ಕೆ ಒಂದು ಕಳೆ ಬಂದಿತ್ತು.

"ನನ್ನತ್ರ ಜೋಡಿ ರಾಣಿ ಅದಾವ. ನಡುವ ಮೂರು ಆಟೀನ ಎಲಿ ಬಿದ್ದಾವ, ಅವನ ಕೈಯಾಗ ಇನ್ನೆರಡು ಆಟೀನ ಇದ್ರ ನಾ ಸತ್ತೆ. ಇರಲಿಲ್ಲ ಅಂದ್ರ ಎಲ್ಲಾ ನಂದು. ಹೋದ ರೊಕ್ಕಾನೂ ತಿರುಗಿ ಬರತೈತಿ ಅಜ್ಜಾ! ದಾಸೋಹ ನಿಲ್ಲೂದಿಲ್ಲ!"

"ಅವನತ್ರ ಅದಾವೋ, ಇಲ್ಲೋ?"

"ಇಲ್ಲ ಅನಸತೈತಿ. ಸುಳ್ಳ ಹೆದರಸಾಕತ್ತಾನ."

"ಮಾರಿನಾ ಕಾಣದವನ ಸುಳ್ಳು ನಿನಗ ಹೆಂಗ ಕಂಡೀತು?"

"ಲೆಕ್ಕ ಐತ್ರಿ ಅದಕ್ಕ. ಖರೇನ ಎಲಿ ಇದ್ದವ ಸ್ವಲ್ಪ ಸ್ವಲ್ಪ ಇಟ್ಟು ನನ್ನ ಒಳಗ ಎಳಕೋತಿದ್ದ. ಕೈಯಾಗ ಏನೂ ಇಲ್ಲದವನಾ ಹಿಂಗ ಎಲ್ಲಾ ಇಟ್ಟು ಗದರಸ್ತಾನ."

"ಹಂಗಾದ್ರ ಒತ್ತು."

"ಒತ್ತಾಕ ಕೈ ಬರವಲ್ದು ಅಜ್ಜಾ. ನನ್ನ ಲೆಕ್ಕ ತಪ್ಪಿದ್ರ?"

ಅಜ್ಜಾರು ನೀರಿನ ಕಡೆ ನೋಡಿದರು. ಆಮೇಲೆ ಎದ್ದು ನಿಂತರು. ಹರಿಗೋಲು ಒಂದು ಮಗ್ಗುಲಿಗೆ ವಾಲಿತು.

"ನಾನೂ ನಂದೆಲ್ಲಾ ಇಡ್ತೀನಿ. ನಿನ್ನ ಲೆಕ್ಕ ನೋಡೋಣು. ಹೇಳು, ನನಗ ಈಜು ಬರತೈತೋ ಇಲ್ಲೋ?"

"ಕುಂದರ್ರಿ ಅಜ್ಜಾ! ಇಲ್ಲಿ ಮಡು ಐತಿ, ಆನಿ ಮುಳಗತೈತಿ."

"ಕೇಳಿದ್ದಕ್ಕ ಹೇಳು."

"ಬರೂದಿಲ್ಲ. ನೀವು ದಿನಾ ಮೆಟ್ಟಲ ಮ್ಯಾಲ ಕುಂತು ಚಂಬಿನಿಂದ ಜಳಕಾ ಮಾಡ್ತೀರಿ."

"ಈಜು ಬರೋ ಮುದುಕರೂ ಹಂಗ ಮಾಡ್ತಾರ."

"ಮತ್ತ ಬರತೈತೇನ್ರಿ?"

"ಅದನ್ನ ನೀ ಹೇಳಬೇಕು. ನಾ ಈಗ ಹಾರ್ತೀನಿ."

ಕೊಟ್ರಯ್ಯನಿಗೆ ನಗು ಬಂತು. ಅಷ್ಟು ಸಂಕಟದಲ್ಲೂ ಬಂತು.

"ಹಾರೂದಿಲ್ರಿ ನೀವು. ಆ ಹುಲಿಮರಿ ಹಂಗ ನೀವೂ ನನ್ನ ಹೆದರಸಾಕತ್ತೀರಿ."

"ಸುಳ್ಳು ಅಂತಿ?"

"ಶುದ್ಧ ಸುಳ್ಳ್ರಿ."

ಅಜ್ಜಾರು ಹಾರಿಬಿಟ್ಟರು.

ದೇವರಾಣೆ, ಹಾರಿಯೇಬಿಟ್ಟರು! ಎಪ್ಪತ್ತು ದಾಟಿದ ಜೀವ, ಉಟ್ಟ ಕಾವಿಯ ಸಮೇತ, ಆ ಮಡುವಿನೊಳಗೆ!

ಕೊಟ್ರಯ್ಯನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಹರಿಗೋಲು ತೂಗಾಡಿತು. ನೀರು ಚಿಮ್ಮಿ ಅವನ ಮುಖಕ್ಕೆ ಬಡಿಯಿತು.

ಆಗ ಅವನ ತಲೆ ತನ್ನ ಕೆಲಸ ಮಾಡಿತು. ಈಜು ಬರದವನು ಮಡುವಿಗೆ ಹಾರುತ್ತಾನೆಯೇ? ಹಾರುವುದಿಲ್ಲ. ಅಜ್ಜಾರು ಹಾರಿದ್ದಾರೆ. ಅಂದ ಮೇಲೆ ಅವರಿಗೆ ಈಜು ಬರುತ್ತದೆ. ಆಚೆ ಕಡೆ ಎಲ್ಲೋ ಏಳುತ್ತಾರೆ, ಎದ್ದು ನನ್ನನ್ನು ನೋಡಿ ನಗುತ್ತಾರೆ.

ಅವನು ಫೋನು ನೋಡಿದ. ಗೆರೆ ಇನ್ನೇನು ಮುಗಿಯುತ್ತಿತ್ತು.

ಇದನ್ನು ಹೇಳುವುದಕ್ಕೆ ನನಗೆ ಸಂಕಟವಾಗುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಅವನು ಹಸಿರು ಗುಂಡಿ ಒತ್ತಿದ.

ಒತ್ತಿ, ಫೋನನ್ನು ಬುಟ್ಟಿಗೆ ಹಾಕಿ, ತಲೆ ಎತ್ತಿ ನೀರು ನೋಡಿದ. ನೀರಲ್ಲಿ ಯಾರೂ ಇರಲಿಲ್ಲ.

"ಅಜ್ಜಾ?"

ನಾಲ್ಕು ಗುಳ್ಳೆ ಎದ್ದವು. ಆಮೇಲೆ ಅವೂ ನಿಂತವು. ಕಾವಿಯ ಮೇಲುವಸ್ತ್ರ ಒಂದೇ ತೇಲಿ ಮೇಲೆ ಬಂತು. ಅದನ್ನು ಹೊದ್ದಿದ್ದವರು ಬರಲಿಲ್ಲ.

"ಯಪ್ಪಾ! ಅಜ್ಜಾ!"

ಕೊಟ್ರಯ್ಯ ಧುಮುಕಿದ. ಹೊಳೆದಂಡೆಯಲ್ಲೇ ಬೆಳೆದ ಹುಡುಗ, ಮೀನಿನ ಹಾಗೆ ಈಜುತ್ತಿದ್ದವನು. ಆದರೂ ಮೊದಲ ಸಲ ಮುಳುಗಿ ಬರಿಗೈಯಲ್ಲಿ ಎದ್ದ. ಎರಡನೇ ಸಲವೂ ಬರಿಗೈ. ಅಯ್ಯೋ ಅಂತ ಕೂಗಿ ಮೂರನೇ ಸಲ ಮುಳುಗಿದಾಗ ಬೆರಳಿಗೆ ಗಡ್ಡ ಸಿಕ್ಕಿತು. ಅದನ್ನೇ ಹಿಡಿದು ಎಳೆದ.

ಹೇಗೋ ಬಂಡೆಯ ಮೇಲೆ ಹಾಕಿದ. ಬೋರಲು ಮಲಗಿಸಿ ಬೆನ್ನು ಒತ್ತಿದ. ಅಳುತ್ತ ಒತ್ತಿದ. ಬಾಯಿಂದ ನೀರು ಬಂತು, ಆಮೇಲೆ ಕೆಮ್ಮು ಬಂತು. ಬಹಳ ಹೊತ್ತಿನ ಮೇಲೆ ಅಜ್ಜಾರು ಕಣ್ಣು ಬಿಟ್ಟರು.

"ಹುಚ್ಚ ಹಿಡದೈತೇನ್ರಿ ನಿಮಗ?" ಕೊಟ್ರಯ್ಯ ಕಿರುಚಿದ. ಗುರು ಅನ್ನುವುದೂ ಮರೆತುಹೋಗಿತ್ತು. "ನಿಮಗ ಈಜು ಬರೂದಾ ಇಲ್ಲ!"

"ಬರೂದಿಲ್ಲ."

"ಮತ್ಯಾಕ ಹಾರಿದ್ರಿ?"

"ಎಲ್ಲಾ ಇಡ್ತೀನಿ ಅಂತ ಹೇಳಿದ್ನಲ್ಲ."

"ನಾ ಹಾರದಿದ್ರ?"

"ಸಾಯ್ತಿದ್ದೆ."

ಸಾರಿಗೆ ಉಪ್ಪು ಸಾಲದು ಅನ್ನುವಷ್ಟು ಸಲೀಸಾಗಿ ಅಂದರು. ಕೊಟ್ರಯ್ಯ ಅವರ ಒದ್ದೆ ಕಾಲಿನ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತ.

"ನನ್ನಂಥಾ ಕಳ್ಳನ ಮ್ಯಾಲ ಜೀವಾನಾ ಇಟ್ರಲ್ಲ ಅಜ್ಜಾ! ಹಿಂದ ಮುಂದ ನೋಡದ ಇಟ್ರಲ್ಲ!"

ಅಜ್ಜಾರು ಅವನ ತಲೆಯ ಮೇಲೆ ಕೈ ಇಟ್ಟರು. ಕೈ ತಣ್ಣಗಿತ್ತು.

ಅಷ್ಟರಲ್ಲಿ, ಹೋಗಿದ್ದ ಸಿಗ್ನಲ್ ತಿರುಗಿ ಬಂತೇನೋ, ಹರಿಗೋಲಿನ ಬುಟ್ಟಿಯಲ್ಲಿ ಮತ್ತೆ ಟಣ್ ಅಂದಿತು. ಟಣ್, ಟಣ್, ಟಣ್. ನಾಣ್ಯ ಸುರಿದ ಸದ್ದು.

ಕೊಟ್ರಯ್ಯ ತಲೆ ಎತ್ತಿದ. ಹಗ್ಗ ಎಳೆದು ಹರಿಗೋಲನ್ನು ಹತ್ತಿರ ತಂದು ಬುಟ್ಟಿಗೆ ಕೈ ಹಾಕಿದ. ಪರದೆ ನೋಡಿದ. ಅಲ್ಲೇ ಕುಪ್ಪಳಿಸಿಬಿಟ್ಟ.

"ಅಜ್ಜಾ! ಗೆದ್ವಿ! ಅವನತ್ರ ಏನೂ ಇರಲಿಲ್ಲ! ಆಟೀನೂ ಇಲ್ಲ, ಎಂಥದೂ ಇಲ್ಲ! ನಾ ಹೇಳಿರಲಿಲ್ಲೇನು, ಸುಳ್ಳು ಅಂತ? ದಾಸೋಹದ ರೊಕ್ಕ ಎಲ್ಲಾ ಬಂತ್ರಿ, ಒಂದು ಪೈಸಾ ಕಮ್ಮಿ ಇಲ್ಲ! ಇವತ್ತಾ ಅಕ್ಕಿ ಅಂಗಡಿಗೆ ಮುಟ್ಟಸ್ತೀನಿ. ಇನ್ನೊಮ್ಮೆ ಇದನ್ನ ಮುಟ್ಟಿದ್ರ ಕೇಳ್ರಿ. ನೀವೂ ಉಳದ್ರಿ, ರೊಕ್ಕಾನೂ ಉಳೀತು! ನೋಡ್ರಿ, ನೀವಾ ನೋಡ್ರಿ!"

ಅವನು ಫೋನನ್ನು ಅಜ್ಜಾರ ಮುಖದ ಮುಂದೆ ಹಿಡಿದ.

ಅಜ್ಜಾರು ಗಡ್ಡ ಹಿಂಡಿ ನೀರು ತೆಗೆದರು. ಫೋನಿನ ಕಡೆ ನೋಡಲಿಲ್ಲ, ಅವನ ಮುಖವನ್ನೇ ನೋಡಿದರು.

"ಟೈಮ್ ಮುಗಿದ್ರ ಅದಾ ಎಲಿ ಮುಚ್ಚತೈತಿ ಅಂದಿದ್ದಿ."

"ಹೌದ್ರಿ."

"ನಾ ಹಾರಿದಾಗ ನೀ ಇನ್ನೂ ಒತ್ತಿರಲಿಲ್ಲ."

ಕೊಟ್ರಯ್ಯನ ನಗು ಮುಖದ ಮೇಲೇ ಸತ್ತುಹೋಯಿತು. ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಅಜ್ಜಾರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಡಕೊಳ್ಳುತ್ತಿದ್ದನೇನೋ.

"ಹಂಗಾದ್ರ ಒತ್ತಿದ್ದು ಯಾವಾಗ, ತಮ್ಮಾ?"