ಹಗ್ಗ ಹಿಡಿಯಲು ಹೋದವನು

"ಗುರುಗಳೇ, ಬೆಳಗಾದರೆ ನಾನು ಹೊರಡಬೇಕು. ಇಪ್ಪತ್ತು ದಿನದ ದಾರಿ. ಆಚೆ ಕಾಡಿನಲ್ಲಿ ಗಿಡಮೂಲಿಕೆ ಅರಸುವ ನಮ್ಮ ತಂಡ ಕಾಯುತ್ತಿದೆ. ಜೀವಂತ ಮರಳುತ್ತೇನೋ ಇಲ್ಲವೋ ಎಂಬ ಈ ಭಯವನ್ನು ಕಳೆದುಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಅಕ್ಕನನ್ನು ದೂರದ ಬೆಟ್ಟಸೀಮೆಗೆ, ಜೇನು ಕೀಳುವವರ ಮನೆಗೆ ಕೊಟ್ಟಿದ್ದರು. ಆ ಜನ ವರ್ಷಕ್ಕೊಮ್ಮೆ ತಂಡ ಕಟ್ಟಿಕೊಂಡು ಮನುಷ್ಯರ ಸುಳಿವಿಲ್ಲದ ಕಣಿವೆಗೆ ಹೋಗುತ್ತಾರೆ. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಯಲ್ಲಿ ಹೆಜ್ಜೇನಿಗಾಗಿ ಇಳಿಯುತ್ತಾನೆ. ಮೇಲೆ ಹಗ್ಗ ಹಿಡಿಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಬೇರೆಯವರ ಕೈಗೆ ಹಗ್ಗ ಕೊಡುವ ಪದ್ಧತಿ ಅವರಲ್ಲಿಲ್ಲ. ಅಕ್ಕನ ಗಂಡನಿಗೆ ಅಷ್ಟು ವರ್ಷ ಹಗ್ಗ ಹಿಡಿಯುತ್ತಿದ್ದ ನೇಕಾರನ ಅಣ್ಣ ತೀರಿಕೊಂಡಿದ್ದ. ಈ ಸಲ ನೇಕಾರನಿಗೆ ಕರೆ ಬಂತು.

ಹನ್ನೆರಡು ದಿನದ ದಾರಿ. ಹೊರಟ ಗಳಿಗೆಯಿಂದಲೇ ಅವನಿಗೆ ತಳಮಳ. ಕೈ ಜಾರಿದರೆ? ಊಟ ಸೇರಲಿಲ್ಲ. ತಂಗಿದ ಊರಲ್ಲೆಲ್ಲ ಬಾವಿಯ ಹಗ್ಗಕ್ಕೆ ಕಲ್ಲು ಕಟ್ಟಿ, ಇಳಿಬಿಟ್ಟು, ಹಿಡಿದು ನಿಲ್ಲುತ್ತಿದ್ದ. ನೀರಿಗೆ ಬಂದ ಹೆಂಗಸರು ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಒಂಬತ್ತನೆಯ ದಿನ ಹಗ್ಗ ಜಾರಿ ಕಲ್ಲು ನೀರಿಗೆ ಬಿತ್ತು. ಆ ಸದ್ದಿಗೆ ಅವನ ಜೀವವೇ ಹೋದಂತಾಯಿತು. ಹಿಂದಿರುಗಿಬಿಡಲೇ ಎಂದು ಅಲ್ಲೇ ಕುಳಿತ. ಹಿಂದಿರುಗಿದರೆ ಅಕ್ಕನಿಗೆ ಏನು ಹೇಳುವುದು? ಎದ್ದು ನಡೆದ.

ಅವನು ಬಂಡೆಯ ನೆತ್ತಿಯಲ್ಲಿ ತಂಡವನ್ನು ಸೇರಿದಾಗ ಭಾವ ಆಗಲೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದ.

"ಭಾವ, ನನ್ನ ಕೈಲಿ ಆಗಲ್ಲ," ಎಂದ ನೇಕಾರ. "ದಾರೀಲಿ ಒಂದು ಕಲ್ಲೇ ಜಾರಿ ಹೋಯ್ತು. ನೋಡಿ, ಈಗಲೂ ಕೈ ನಡುಗ್ತಿದೆ. ಅಲ್ಲಿ ಹೊರೆ ಹೊತ್ತು ಬಂದೋನು ಗಟ್ಟಿಮುಟ್ಟಾಗಿದಾನೆ, ಹೆದರಿಕೆ ಅನ್ನೋದೇ ಇಲ್ಲ ಅಂತಾನೆ. ಅವನಿಗೇ ಕೊಡಿ."

ಭಾವ ನಕ್ಕ. "ಅವನಿಗ್ಯಾಕೆ ಹೆದರಿಕೆ ಇರುತ್ತೆ ಮಾರಾಯ? ನಾನು ಬಿದ್ರೆ ಅಯ್ಯೋ ಪಾಪ ಅಂತಾನೆ, ಸಾಯಂಕಾಲ ಉಂಡು ಮಲಗ್ತಾನೆ. ನೀನು ನಿಮ್ಮಕ್ಕನ ಮುಖ ನೋಡಬೇಕಲ್ಲ, ಅದಕ್ಕೇ ನಡುಗ್ತಿದೀಯ. ನಡುಗೋನೇ ಬೇಕು ಅಂತ ಅಷ್ಟು ದೂರದಿಂದ ಕರೆಸಿದ್ದು. ಹಿಡಿ."

ಹಗ್ಗವನ್ನು ಅವನ ಕೈಗಿಟ್ಟು ಭಾವ ಅಂಚಿನಿಂದ ಕೆಳಗಿಳಿದ. ಜೇನು ತುಂಬಿಕೊಂಡು ಅವನು ಮೇಲೆ ಬರುವವರೆಗೂ ನೇಕಾರನ ಕೈ ನಡುಗುತ್ತಲೇ ಇತ್ತು. ಹಿಡಿತ ಮಾತ್ರ ಸಡಿಲಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ಹಾಗಾದರೆ ನನ್ನ ಭಯವೂ ಒಳ್ಳೆಯದೇ ಅಲ್ಲವೇ, ಗುರುಗಳೇ?"

"ಅವನು ಹೆದರಿದ್ದು ಭಾವ ಬಿದ್ದಾನೆಂದು, ನೀನು ಹೆದರುತ್ತಿರುವುದು ಯಾರು ಬಿದ್ದಾರೆಂದು?" ಎಂದರು ಗುರುಗಳು.