ಕೆರೆ ದಂಡೆಯ ರಸ್ತೆಗೊಂದು ದೀಪ

"ಗುರುಗಳೇ, ಬಾರದವರಿಗಾಗಿ ಎಲ್ಲಿಯವರೆಗೆ ಚಾಪೆ ಹಾಸಬೇಕು?" ಎಂದು ಮುರಿಗೆಪ್ಪ ಕೇಳಿದ.

ಮುರಿಗೆಪ್ಪ ಮಠದ ಹಿರಿಯ ಶಿಷ್ಯ. ಉಗ್ರಾಣ, ಬಾಗಿಲು, ಬೀಗ ಎಲ್ಲವೂ ಅವನ ಸುಪರ್ದಿಯಲ್ಲಿದ್ದವು. ಅವನು ನಡೆದು ಬಂದರೆ ಸೊಂಟದ ಬೀಗದ ಕೈಗಳ ಸದ್ದು ಮೊದಲು ಬರುತ್ತಿತ್ತು. ಸಂಜೆ ಹೊತ್ತು ಹಿತ್ತಲಿನ ಅಂಗಳದಲ್ಲಿ ದೊಡ್ಡವರಿಗೆ ಓದು ಬರಹ ಕಲಿಸುವ ಕೆಲಸವನ್ನೂ ಗುರುಗಳು ಅವನಿಗೇ ಒಪ್ಪಿಸಿದ್ದರು.

"ಪೇಟೆಯ ಕಡೆಯವರು ತುಂಬಿಕೊಂಡು ಬರುತ್ತಾರೆ. ಅವರಿಗೆ ಜಾಗ ಸಾಲದು. ಹಿಂದಿನ ಕೇರಿಯವರಿಗೆಂದು ಅರ್ಧ ಅಂಗಳ ಬಿಟ್ಟಿದ್ದೇವೆ. ಕೇರಿ ಇರುವುದು ನಮ್ಮ ಹಿತ್ತಲ ಗೋಡೆಯ ಆಚೆಗೇ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೂ ಒಬ್ಬರೂ ಬರುವುದಿಲ್ಲ. ಅವರಿಗೆ ಕಲಿಯುವ ಮನಸ್ಸಿಲ್ಲ. ಆ ಚಾಪೆಗಳನ್ನು ಬರುವವರಿಗೇ ಹಾಸಿಬಿಡಲೇ?"

"ಲೆಕ್ಕ ಚೆನ್ನಾಗಿ ಹಾಕಿದ್ದೀಯ," ಎಂದರು ಗುರುಗಳು. "ಕೂತುಕೋ. ನಿನ್ನಷ್ಟೇ ಚೆನ್ನಾಗಿ ಲೆಕ್ಕ ಹಾಕಿದ ಒಬ್ಬನ ಕತೆ ಹೇಳುತ್ತೇನೆ."

ಒಂದು ನಗರವಿತ್ತು. ಅಲ್ಲಿ ಒಬ್ಬ ಅಧಿಕಾರಿ. ಬೀದಿಗಳಿಗೆ ಹೊಸ ದೀಪ ಹಾಕಿಸುವುದು ಅವನ ಪಾಲಿಗೆ ಬಂತು. ಹಳೆಯ ದೀಪಗಳು ವಿದ್ಯುತ್ತನ್ನು ಬಕಾಸುರನಂತೆ ತಿನ್ನುತ್ತಿದ್ದವು, ಬೆಳಕು ಮಾತ್ರ ಅಷ್ಟಕ್ಕಷ್ಟೇ. ಅಧಿಕಾರಿ ಪ್ರಾಮಾಣಿಕ. ಊರಿನ ಒಂದು ಕಾಸೂ ಪೋಲಾಗಬಾರದು ಎನ್ನುವವನು. ಅಂಥವರು ಸಿಗುವುದು ಕಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀನು ಅವನನ್ನು ನೋಡಿ ನಗಬಾರದು.

ವ್ಯಾಪಾರಿಗಳು ಬಂದರು. ಒಬ್ಬ ತಂದ ದೀಪ ಹೊತ್ತಿಕೊಂಡಾಗ ನೆರೆದವರೆಲ್ಲ ಕಣ್ಣು ಮುಚ್ಚಿ, ಅಬ್ಬಾ ಇದಪ್ಪ ಬೆಳಕು ಎಂದರು. ಅಧಿಕಾರಿ ದೀಪದ ಕಡೆ ನೋಡಲೇ ಇಲ್ಲ. ಕೆಳಗೆ ರಸ್ತೆಯ ಮೇಲೆ ಒಂದು ಪತ್ರಿಕೆ ಹಾಸಿ, ನಿಂತಲ್ಲಿಂದಲೇ ಓದಲು ನೋಡಿದ. ಆಗಲಿಲ್ಲ. ಇನ್ನೊಬ್ಬ ವ್ಯಾಪಾರಿಯ ದೀಪ ನೋಡಲು ಸಪ್ಪೆ. ಆದರೆ ಅದರ ಬೆಳಕೆಲ್ಲ ನೆಲಕ್ಕೇ ಬೀಳುತ್ತಿತ್ತು. ಪತ್ರಿಕೆಯ ಸಣ್ಣ ಅಕ್ಷರವೂ ಕಂಡಿತು. ವಿದ್ಯುತ್ತೂ ಕಡಿಮೆ. ಅಧಿಕಾರಿ ಅದನ್ನೇ ಆರಿಸಿದ. ನಾನಾಗಿದ್ದರೂ ಅದನ್ನೇ ಆರಿಸುತ್ತಿದ್ದೆ.

ಆದರೆ ಮಂಜೂರಾದ ಹಣಕ್ಕೆ ಬಂದ ದೀಪಗಳು ಊರಿನ ಎಲ್ಲ ರಸ್ತೆಗಳಿಗೆ ಸಾಲುತ್ತಿರಲಿಲ್ಲ. ಯಾವುದೋ ಒಂದು ರಸ್ತೆಯನ್ನು ಬಿಡಲೇಬೇಕಿತ್ತು. ಊರಿನ ಹಿರಿಯರು ತಮ್ಮ ತಮ್ಮ ಮನೆ ಮುಂದೆ ದೀಪ ಬೇಕೆಂದು ದುಂಬಾಲು ಬಿದ್ದರು. ಅಧಿಕಾರಿ ಯಾರಿಗೂ ಸೊಪ್ಪು ಹಾಕಲಿಲ್ಲ. ಎಲ್ಲಿ ಜನ ಓಡಾಡುತ್ತಾರೋ ಅಲ್ಲಿ ದೀಪ, ಎಲ್ಲಿ ಓಡಾಡುವುದಿಲ್ಲವೋ ಅಲ್ಲಿ ಇಲ್ಲ ಎಂದು ತೀರ್ಮಾನಿಸಿದ. ಬೇರೆಯವರ ಮಾತನ್ನು ನಂಬದೆ ತಾನೇ ಒಂದು ಕುರ್ಚಿ ಹಿಡಿದುಕೊಂಡು ಹೊರಟ. ಸಂಜೆ ಒಂದೊಂದು ರಸ್ತೆಯ ಬಾಯಲ್ಲಿ ಕೂತ. ಒಬ್ಬರು ಹಾದುಹೋದರೆ ಬಲ ಜೇಬಿನಿಂದ ಒಂದು ಹುಣಸೆ ಬೀಜ ತೆಗೆದು ಎಡ ಜೇಬಿಗೆ ಹಾಕುತ್ತಿದ್ದ.

ಹೀಗೆ ಅವನು ಕೆರೆ ದಂಡೆಯ ರಸ್ತೆಗೂ ಬಂದ. ಗಿರಣಿಯಿಂದ ಊರೊಳಗೆ ಬರಲು ಅದು ಹತ್ತಿರದ ದಾರಿ. ಅಲ್ಲಿದ್ದ ಒಂದೇ ಕಂಬಕ್ಕೆ ಹಿಂದೆ ಎಂದೋ ಲಾರಿ ಗುದ್ದಿತ್ತು. ಅಂದಿನಿಂದ ದೀಪವಿರಲಿಲ್ಲ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಇಳಿಜಾರು. ಗಿರಣಿಯ ಜನ ಮಾರುಕಟ್ಟೆ ಬಳಸಿಕೊಂಡು ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದರು.

ರಸ್ತೆಯ ಬಾಯಲ್ಲಿ ಒಬ್ಬ ಹೆಂಗಸು ಮಿರ್ಚಿ ಭಜಿ ಕರಿಯುತ್ತಿದ್ದಳು. ಗಂಡನಿಲ್ಲದವಳು. ಇನ್ನೊಬ್ಬರ ಮನೆಯ ಮುಸುರೆ ತಿಕ್ಕದೆ ಬದುಕಬೇಕು ಎನ್ನುವುದೊಂದೇ ಅವಳ ಹಟ. ದೀಪವಿದ್ದ ಕಾಲದಲ್ಲಿ ಗಿರಣಿ ಬಿಟ್ಟವರು ಅವಳ ಬಾಣಲೆಯ ಸುತ್ತ ನಿಂತು ತಿಂದು ಹೋಗುತ್ತಿದ್ದರು. ಈಗ ಅವಳು ಮಧ್ಯಾಹ್ನ ಒಲೆ ಹಚ್ಚಿ ಕತ್ತಲಾಗುವುದರೊಳಗೆ ಆರಿಸುತ್ತಿದ್ದಳು. ಸುಡು ಬಿಸಿಲಿನಲ್ಲಿ ಮಿರ್ಚಿ ಯಾರು ತಿನ್ನುತ್ತಾರೆ? ಆದರೂ ಹೊಸ ದೀಪ ಬರುತ್ತದಂತೆ ಎಂಬ ಸುದ್ದಿ ಕೇಳಿ ಅವಳು ಹೇಗೋ ದಿನ ತಳ್ಳುತ್ತಿದ್ದಳು.

ಕುರ್ಚಿ ಹಿಡಿದು ಬಂದ ಅಧಿಕಾರಿಯನ್ನು ಕಂಡು ಅವಳಿಗೆ ಜೀವ ಬಂದಂತಾಯಿತು. ಆರಿಸಲು ಹೊರಟಿದ್ದ ಒಲೆಗೆ ಮತ್ತೆ ಎರಡು ಕೊಳ್ಳಿ ಇಟ್ಟು ಅವನಿಗೆ ಬಿಸಿಯಾಗಿ ಕರಿದು ಕೊಟ್ಟಳು. ಅವನು ತಿಂದ. ರುಚಿ ಹತ್ತಿತು. ಹೊತ್ತು ಮುಳುಗಿತು. ಹುಣಸೆ ಬೀಜಗಳೆಲ್ಲ ಬಲ ಜೇಬಿನಲ್ಲೇ ಉಳಿದವು.

"ಹೊತ್ತು ಮುಳುಗಿದ ಮ್ಯಾಲೆ ಇಲ್ಲಿ ಯಾರರ ಅಡ್ಡಾಡ್ತಾರೇನವಾ?" ಎಂದು ಅವನು ಕೇಳಿದ.

"ಒಂದು ನರಪಿಳ್ಳೆನೂ ಅಡ್ಡಾಡೂದಿಲ್ರಿ ಸಾಹೇಬ್ರ," ಎಂದಳು ಅವಳು. "ಬೇಕಾದ್ರ ಓಣಿ ತುಂಬ ಕೇಳ್ರಿ. ನಾಯಿ ಸೈತ ಹಾಯೂದಿಲ್ಲ."

ಇದನ್ನು ಅವಳು ಒತ್ತಿ ಒತ್ತಿ ಹೇಳಿದಳು. ಇಷ್ಟು ಹೇಳಿದರೆ ದೀಪ ಬಂದೇ ಬರುತ್ತದೆ ಎಂದು ಅವಳ ನಂಬಿಕೆ. ಅವನು ತಲೆಯಾಡಿಸಿದ. ಇವಳೇ ಹೇಳಿದ ಮೇಲೆ ಇನ್ನು ಅನುಮಾನವೇ ಇಲ್ಲ ಎಂದುಕೊಂಡ. ಇಬ್ಬರೂ ಸುಳ್ಳಾಡಲಿಲ್ಲ, ಇಬ್ಬರೂ ಸಂತೋಷದಿಂದಲೇ ಬೇರೆಯಾದರು.

ಬೇರೆ ರಸ್ತೆಗಳಲ್ಲಿ ಅವನು ಊಟದ ಹೊತ್ತಿನವರೆಗೂ ಕೂರುತ್ತಿದ್ದ. ಇಲ್ಲಿ ಅಷ್ಟು ಹೊತ್ತು ಕೂರಲಿಲ್ಲ. ಕತ್ತಲೆ ಕವಿದಂತೆ ಅವನಿಗೆ ಹಿಂದೆ ಯಾರೋ ನಿಂತಂತೆ ಅನ್ನಿಸತೊಡಗಿತು. ಕುರ್ಚಿ ಎತ್ತಿಕೊಂಡು ಹೊರಟ. ಹೋಗುವಾಗ ಅವನೂ ಮಾರುಕಟ್ಟೆ ಬಳಸಿಕೊಂಡೇ ಹೋದ.

ದೀಪಗಳು ಬಂದವು. ಊರು ಬೆಳಗಿತು, ಖರ್ಚು ಇಳಿಯಿತು. ಅಧಿಕಾರಿಗೆ ಶಾಲು ಹೊದಿಸಿದರು. ಕೆರೆ ದಂಡೆಯ ರಸ್ತೆಯೊಂದು ಹಾಗೆಯೇ ಉಳಿಯಿತು. ಹೆಂಗಸು ಇಂದು ಕಂಬ ನೆಡುತ್ತಾರೆ, ನಾಳೆ ನೆಡುತ್ತಾರೆ ಎಂದು ಕಾದಳು. ಬೇಸಿಗೆ ಹೋಯಿತು. ಒಂದು ದಿನ ಒಲೆಯ ಕಲ್ಲುಗಳನ್ನು ಎತ್ತಿ ಬದಿಗಿಟ್ಟು, ಬಾಣಲೆಯನ್ನು ಅಟ್ಟದ ಮೇಲೆ ಕವುಚಿ, ಮಾರುಕಟ್ಟೆಯ ಆಚೆಗಿನ ಒಂದು ದೊಡ್ಡ ಮನೆಗೆ ಮುಸುರೆ ತಿಕ್ಕಲು ಹೋದಳು.

ಮಳೆಗಾಲದ ಒಂದು ಸಂಜೆ ಅಧಿಕಾರಿಗೆ ಆ ಮಿರ್ಚಿಯ ನೆನಪಾಯಿತು. ಹುಡುಕಿಕೊಂಡು ಬಂದ. ಅಂಗಡಿಯಿಲ್ಲ, ಒಲೆಯಿಲ್ಲ, ಹೆಂಗಸೂ ಇಲ್ಲ. ಸ್ವಲ್ಪ ಹೊತ್ತು ಸುತ್ತ ನೋಡಿದ. ಅವನಿಗೆ ನಿರಾಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಹಿಂದೆಯೇ ಒಂದು ಸಮಾಧಾನವೂ ಆಯಿತು. ನನ್ನ ಲೆಕ್ಕ ಸರಿಯಾಗಿಯೇ ಇತ್ತು, ಅಂದು ಅವಳೊಬ್ಬಳಾದರೂ ಇದ್ದಳು, ಈಗ ಅವಳೂ ಇಲ್ಲ, ಇಲ್ಲಿ ದೀಪ ಹಾಕಿದ್ದರೆ ದಂಡವಾಗುತ್ತಿತ್ತು ಎಂದುಕೊಂಡು ಅವನು ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ತಡೆಯಲಾರದೆ ನಕ್ಕುಬಿಟ್ಟ. "ನಗಬೇಡ ಎಂದಿರಿ. ಆದರೂ ಎಂಥ ಮನುಷ್ಯ ಗುರುಗಳೇ! ಜನ ಓಡಾಡುವುದಿಲ್ಲ ಎಂದು ದೀಪ ಹಾಕಲಿಲ್ಲ. ದೀಪವಿಲ್ಲ ಎಂದೇ ಅವರು ಓಡಾಡುತ್ತಿರಲಿಲ್ಲ. ಕುರ್ಚಿ ಎತ್ತಿಕೊಂಡು ತಾನೇ ಓಡಿ ಹೋದನಲ್ಲ, ಆಗಲಾದರೂ ತಿಳಿಯಬೇಡವೇ? ಆ ಹೆಂಗಸಿನ ಬಾಳು ಹಾಳಾಯಿತು."

"ಅವನು ಏನು ಮಾಡಬೇಕಿತ್ತು?"

"ಅದಕ್ಕೇನು ಮಹಾ ಬುದ್ಧಿ ಬೇಕೇ? ಮೊದಲು ಅಲ್ಲೊಂದು ದೀಪ ಹಾಕಿ, ಆಮೇಲೆ ಬಂದು ಎಣಿಸಬೇಕಿತ್ತು."

"ಸರಿಯಾಗಿ ಹೇಳಿದೆ," ಎಂದರು ಗುರುಗಳು. ಸಂಜೆಯ ಪಾಠಕ್ಕೆ ಹೊತ್ತಾಗಿತ್ತು. ಮುರಿಗೆಪ್ಪ ಚಾಪೆಗಳ ವಿಷಯವನ್ನು ಮತ್ತೆ ಕೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಗುರುಗಳೇ ಮುಂದುವರಿಸಿದರು.

"ಕೇರಿಯ ಕಡೆಗಿರುವ ಹಿತ್ತಲ ಬಾಗಿಲ ಬೀಗಕ್ಕೆ ತುಕ್ಕು ಹಿಡಿದಿದೆ ಮುರಿಗೆಪ್ಪ, ಅದರ ಕೈ ನಿನ್ನ ಸೊಂಟದಲ್ಲೇ ಇದೆ."

ಮುರಿಗೆಪ್ಪ ಬೀಗದ ಕೈಗಳು ಸದ್ದಾಗದಂತೆ ಗೊಂಚಲನ್ನು ಹಿಡಿದುಕೊಂಡು ಎದ್ದು ಹಿತ್ತಲ ಬಾಗಿಲ ಕಡೆಗೆ ನಡೆದ.